ಕಾಲೇಜುಗಳು ಯಾರೊಡನೆ ಆಡಬೇಕು?

ಸಾಗರದ ಕಾಲೇಜಿನ ಕಬಡ್ಡಿ ತಂಡವು ಯಾರೊಡನೆ ಆಡಬೇಕು? ತೀರ್ಥಹಳ್ಳಿಯವರೊಡನೆಯೆ, ಚಿಕ್ಕಮಗಳೂರಿನವರೊಡನೆಯೆ, ಶಿರಸಿಯವರೊಡನೆಯೆ, ಇಲ್ಲವೆ ದೂರದ ಮೈಸೂರಿನವರೊಡನೆಯೆ? ಈ ಪ್ರಶ್ನೆಯನ್ನು ವಿದ್ಯಾವಂತರ ಮುಂದಿಟ್ಟರೆ ಬಹುಮಂದಿ ನಕ್ಕುಬಿಡುವರು. ಯಾರು ಸಿಕ್ಕುವರೋ ಅವರೊಡನೆ ಆಡಿದರಾಯಿತು, ಇದಕ್ಕೂ ಒಂದು ವಿಚಾರವೆ, ಎನ್ನುವರು. ಆಡುವ ಹುಡುಗರನ್ನೂ ಹುಡುಗಿಯರನ್ನೂ ಕೇಳಿದರೆ ಅವರು ನಗುವುದಿಲ್ಲ. ಯಾರೊಡನೆ ಆಟವೆಂಬುದು ಗೊತ್ತಾದ ಕೂಡಲೆ, ಎಷ್ಟು ಹೊತ್ತಿಗೆ ಮನೆ ಬಿಡಬೇಕು, ಯಾವ ಬಸ್ಸು ಹಿಡಿಯಬೇಕು, ಎಷ್ಟು ದಿನದ ಪಾಠ ತಪ್ಪುವುದು, ರಾತ್ರಿ ಎಲ್ಲಿ ತಂಗಬೇಕು, ಮನೆಯ ಹಿರಿಯರು ಒಪ್ಪುವರೋ ಇಲ್ಲವೋ ಎಂಬುದೆಲ್ಲವೂ ಅವರಿಗೆ ಗೊತ್ತಾಗಿಬಿಡುತ್ತದೆ. ಈ ಹೊತ್ತು ನಾವು ವಿಚಾರಮಾಡಬೇಕೆಂದಿರುವುದು ಇದನ್ನೇ. ಒಂದು ವಿದ್ಯಾಸಂಸ್ಥೆಯು ತಾನು ಆಡುತ್ತಿರುವ ಬಳಗವನ್ನು ಬಿಟ್ಟು ಇನ್ನೊಂದು ಬಳಗಕ್ಕೆ ಸೇರುವುದು ಯಾವಾಗ ಯುಕ್ತ, ಯಾವಾಗ ಅಯುಕ್ತ?

ನಮ್ಮ ನಾಡಿನಲ್ಲಿ ಕಾಲೇಜು ತನ್ನ ಆಟದ ಬಳಗವನ್ನು ತಾನೇ ಆರಿಸಿಕೊಳ್ಳುವುದಿಲ್ಲ. ಅದರ ವಿದ್ಯಾರ್ಥಿಗಳು ಯಾವ ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕೂಡುವರೋ, ಆ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜುಗಳೇ ಪರಸ್ಪರ ಆಡತಕ್ಕವು. ಹೀಗೆ ನಡೆಯುವ ಅಂತರ ಕಾಲೇಜು ಪಂದ್ಯಗಳಲ್ಲಿ ಚೆನ್ನಾಗಿ ಆಡಿದವರನ್ನು ಆರಿಸಿ ವಿಶ್ವವಿದ್ಯಾನಿಲಯದ ತಂಡವನ್ನು ಕಟ್ಟುವರು. ಆ ತಂಡವು ದಕ್ಷಿಣ ವಲಯದ ಪಂದ್ಯಗಳಿಗೆ ಹೋಗುವುದು. ಅಲ್ಲಿ ಮುಂದಾದವರು ಅಖಿಲ ಭಾರತದ ಪಂದ್ಯಗಳಿಗೆ ಹೋಗುವರು. ಮೇಲಣ ಈ ಎರಡು ಮೆಟ್ಟಲುಗಳನ್ನು ನೋಡಿಕೊಳ್ಳುವುದು ೧೯೨೫ರಲ್ಲಿ ಅಂತರ ವಿಶ್ವವಿದ್ಯಾನಿಲಯ ಮಂಡಲಿಯಾಗಿ ಹುಟ್ಟಿ, ೧೯೭೩ರಿಂದ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘವೆಂದು ಕರೆಯಿಸಿಕೊಳ್ಳುತ್ತಿರುವ ಸಂಸ್ಥೆ. ಏರ್ಪಾಡೇನೋ ಅಚ್ಚುಕಟ್ಟಾಗಿದೆ. ಆದರೆ ಪರೀಕ್ಷೆಗಾಗಿ ಎಳೆದ ಗೆರೆಯೇ ಇಲ್ಲಿ ಆಟಕ್ಕೂ ಗೆರೆಯಾಯಿತೆಂಬುದನ್ನು ಗಮನಿಸಬೇಕು. ಉತ್ತರಪತ್ರಿಕೆಯ ಕಟ್ಟು ನೂರು ಮೈಲಿ ಹೋಗಬಲ್ಲುದು. ಅದಕ್ಕೆ ಹಸಿವಿಲ್ಲ, ನಿದ್ರೆಯಿಲ್ಲ. ಹನ್ನೆರಡು ಮಂದಿ ಆಟಗಾರರ ಕಟ್ಟನ್ನು ಹಾಗೆ ಕಳುಹಿಸಲಾಗುವುದಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಕಾಲೇಜುಗಳು ಒಮ್ಮೆ ಇಂಥ ಬಳಗವನ್ನು ಬದಲಾಯಿಸಿವೆ. ಶಿವಮೊಗ್ಗ ಜಿಲ್ಲೆಯ ಕಾಲೇಜುಗಳೆಲ್ಲವೂ ಬಹುಕಾಲ ೧೯೧೬ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಸಾಗರದಿಂದ ಮೈಸೂರಿಗೆ ೩೦೦ ಕಿಲೋಮೀಟರಿಗೂ ಮಿಕ್ಕ ದಾರಿ. ೧೯೮೭ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವು ಹುಟ್ಟಿತು. ಶಿವಮೊಗ್ಗೆಯಿಂದ ೨೮ ಕಿಲೋಮೀಟರಿನಲ್ಲಿರುವ ಶಂಕರಘಟ್ಟದಲ್ಲಿ ಅದರ ಜ್ಞಾನಸಹ್ಯಾದ್ರಿ ಎದ್ದು ನಿಂತಿತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯವರಾದ ಕವಿಗಳು ಹಿಂದೆ ೧೯೫೬ರಿಂದ ೧೯೬೦ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರು. ಅವರು ಬದುಕಿರುವಾಗಲೇ ಅವರ ಹೆಸರಿನ ವಿಶ್ವವಿದ್ಯಾನಿಲಯವೊಂದು ಅವರ ಹುಟ್ಟುನಾಡಿನ ಕಾಲೇಜುಗಳನ್ನು ಮೈಸೂರಿನ ಮಡಿಲಿನಿಂದ ಎತ್ತಿಕೊಂಡಿತು. ಮಲೆನಾಡಿನವರಿಗೆ ಇದು ಅಭಿಮಾನದ ಸಂಗತಿಯಾಗಿದ್ದಿತು. ಆಟದ ದೃಷ್ಟಿಯಿಂದ ನೋಡಿದರೂ ಇದು ಒಳ್ಳೆಯ ಬದಲಾವಣೆಯೇ. ಹಳೆಯ ಮೈಸೂರಿನ ದೊಡ್ಡ ಕಾಲೇಜುಗಳ ನಡುವೆ ಮೂಲೆಯಲ್ಲಿದ್ದ ಸಾಗರದ ಲಾಲ್ ಬಹದ್ದೂರ್ ಕಾಲೇಜು, ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯ ಇವು ಹೊಸ ಬಳಗದಲ್ಲಿ ಮೂಲೆಯವಾಗಿ ಉಳಿಯಲಿಲ್ಲ. ವಿಶ್ವವಿದ್ಯಾನಿಲಯದ ಬಣ್ಣದ ಅಂಗಿಯನ್ನು ತೊಡಬೇಕೆಂಬ ಹುಡುಗನಿಗೆ ಆರಿಸುವವರ ಕಣ್ಣು ಹತ್ತಿರವಾಯಿತು.

ಆದರೆ ಬದಲಾವಣೆ ಅಲ್ಲಿಗೆ ನಿಲ್ಲಲಿಲ್ಲ. ಮೊದಲಿಗೆ ಕುವೆಂಪು ವಿಶ್ವವಿದ್ಯಾನಿಲಯವು ಚಿತ್ರದುರ್ಗ ದಾವಣಗೆರೆಗಳವರೆಗೂ ಹಬ್ಬಿದ್ದಿತು. ೨೦೦೯ರಲ್ಲಿ ದಾವಣಗೆರೆಗೆ ಬೇರೆ ವಿಶ್ವವಿದ್ಯಾನಿಲಯವಾದಾಗ ಆ ಸೀಮೆಯ ಕಾಲೇಜುಗಳು ಅತ್ತ ಹೋದವು. ಸಾಗರದ ತಂಡಕ್ಕೆ ಒಂದೂವರೆ ನೂರು ಕಿಲೋಮೀಟರಿನ ಬಯಲುಸೀಮೆಯ ಪ್ರಯಾಣ ತಪ್ಪಿತು, ನಿಜ. ಅದರೊಡನೆ ದಾವಣಗೆರೆಯ ಕುಸ್ತಿಯ ಪಟುಗಳೊಡನೆ ಕೈಹಿಡಿಯುವ ಅವಕಾಶವೂ ತಪ್ಪಿತು. ಬಳಗವು ಕಿರಿದಾದರೆ ದಾರಿ ಮೊಟಕಾಗುವುದು, ಎದುರಾಳಿಗಳೂ ಕಡಿಮೆಯಾಗುವರು. ಈ ಎರಡನ್ನೂ ಒಟ್ಟಿಗೇ ತೂಗಬೇಕಾಗುತ್ತದೆ. ಒಂದನ್ನೇ ಹಿಡಿದು ಮಾತನಾಡುವವರ ಮಾತು ಅರ್ಧದ ಮಾತು.

ಇನ್ನೊಂದು ಬಗೆಯ ಬದಲಾವಣೆಯೂ ಆಯಿತು. ಇದು ಊರಿನಿಂದ ಊರನ್ನಲ್ಲ, ಒಂದೇ ಊರಿನ ಕಾಲೇಜಿನಿಂದ ಕಾಲೇಜನ್ನು ಬೇರೆಮಾಡಿತು. ಶಿವಮೊಗ್ಗೆಯ ಜವಾಹರಲಾಲ್ ನೆಹರೂ ಇಂಜಿನಿಯರಿಂಗ್ ಕಾಲೇಜಿನ ಕಥೆಯನ್ನು ನೋಡಿರಿ. ೧೯೮೦ರಲ್ಲಿ ಪ್ರಾರಂಭವಾದಾಗ ಅದು ಮೈಸೂರಿನ ಬಳಗ. ೧೯೮೭ರ ಮೇಲೆ ಕುವೆಂಪುವಿನ ಬಳಗ. ೧೯೯೮ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವಾದ ಮೇಲೆ ಆ ಬಳಗ. ಇಪ್ಪತ್ತು ವರ್ಷ ತುಂಬುವುದರೊಳಗಾಗಿ ಒಂದು ಕಾಲೇಜು ಕುಳಿತ ಜಾಗ ಬಿಟ್ಟೇಳದೆಯೇ ಮೂರು ಬಳಗಗಳಲ್ಲಿ ಆಡಿತು. ವೈದ್ಯಕೀಯ ಕಾಲೇಜುಗಳಿಗೆ ೧೯೯೬ರಲ್ಲಿ ಸ್ಥಾಪಿತವಾದ ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಬೇರೊಂದು ಬಳಗವಾಯಿತು. ಇನ್ನು ಸಾಗರ ತಾಲ್ಲೂಕಿಗೇ ಬಂದರೆ, ಆನಂದಪುರದ ಬಳಿಯ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾನಿಲಯವೇ ಇದೆ. ಅಲ್ಲಿನ ವಿದ್ಯಾರ್ಥಿಯೂ ಸಾಗರದ ಕಾಲೇಜಿನ ವಿದ್ಯಾರ್ಥಿಯೂ ಒಂದೇ ಸಂತೆಗೆ ಹೋಗುವರು; ಒಂದೇ ಮಳೆಯಲ್ಲಿ ನೆನೆಯುವರು; ವಿಶ್ವವಿದ್ಯಾನಿಲಯದ ಪಂದ್ಯವೆಂದು ಬಂದರೆ ಒಬ್ಬರಿಗೊಬ್ಬರು ಎದುರಾಗುವುದಿಲ್ಲ. ಅವರವರ ಪಂದ್ಯಗಳು ಅವರವರಿಗೆ.

ಗೆರೆಯ ಆಚೆಗಿನ ನೆರೆಯವರನ್ನೂ ನೆನೆಯಬೇಕು. ಸಾಗರದಿಂದ ತಾಳಗುಪ್ಪದ ಮೇಲೆ ಹೋದರೆ ೩೦ ಕಿಲೋಮೀಟರಿನ ಆಸುಪಾಸಿನಲ್ಲಿ ಸಿದ್ದಾಪುರ ಸಿಕ್ಕುತ್ತದೆ, ಮುಂದೆ ಶಿರಸಿ. ಭಾಷೆ, ಅಡಕೆ, ಯಕ್ಷಗಾನ, ನೆಂಟಸ್ತಿಕೆ ಎಲ್ಲವೂ ಒಂದೇ. ಕಾಲೇಜುಗಳು ಮಾತ್ರ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದವು. ಹೊಸನಗರದ ಕಡೆಯಿಂದ ಬಾಳೆಬರೆಯ ಘಾಟಿ ಇಳಿದರೆ ಕುಂದಾಪುರ, ತೀರ್ಥಹಳ್ಳಿಯಿಂದ ಆಗುಂಬೆಯ ಘಾಟಿ ಇಳಿದರೆ ಉಡುಪಿ; ಇವು ೧೯೮೦ರಲ್ಲಿ ಹುಟ್ಟಿದ ಮಂಗಳೂರು ವಿಶ್ವವಿದ್ಯಾನಿಲಯದ ಸೀಮೆ. ಹಿಂದೆ ಬೊಂಬಾಯಿ ಸಂಸ್ಥಾನ, ಮದರಾಸು ಸಂಸ್ಥಾನ, ಮೈಸೂರು ಸಂಸ್ಥಾನವೆಂದು ಮೂರು ರಾಜ್ಯಗಳು ಸಂಧಿಸುತ್ತಿದ್ದ ಎಡೆ ಇದು. ರಾಜ್ಯಗಳು ೧೯೫೬ರಲ್ಲಿ ಒಂದಾದವು. ಆಟದ ಬಳಗಗಳಲ್ಲಿ ಮಾತ್ರ ಆ ಹಳೆಯ ಸುಂಕದ ಕಟ್ಟೆಗಳು ಇನ್ನೂ ನಿಂತಿವೆ ಎಂದರೆ ತಪ್ಪಾಗಲಾರದು.

ಇಷ್ಟನ್ನು ನೋಡಿದವರಿಗೆ, ಹಾಗಾದರೆ ಬಳಗವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ವಿದ್ಯಾಸಂಸ್ಥೆಗಳಿಗೇ ಕೊಟ್ಟುಬಿಟ್ಟರೆ ಒಳ್ಳೆಯದಲ್ಲವೆ ಎಂದು ತೋರಬಹುದು. ಈ ಸ್ವಾತಂತ್ರ್ಯವನ್ನು ಪೂರ್ಣವಾಗಿ ಅನುಭವಿಸಿದ ದೇಶವೊಂದಿದೆ. ಅಲ್ಲಿ ಆದುದೇನೆಂಬುದನ್ನು ಕೊಂಚ ವಿವರವಾಗಿಯೇ ಹೇಳಬೇಕು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವಿಶ್ವವಿದ್ಯಾನಿಲಯಗಳು ತಾವೇ ಕೂಡಿ ಕಟ್ಟಿಕೊಂಡ ಆಟದ ಬಳಗಗಳಿಗೆ ಕಾನ್ಫರೆನ್ಸ್ ಎಂದು ಹೆಸರು. ೧೮೯೬ರಲ್ಲಿ ಮಧ್ಯ ಪಶ್ಚಿಮದ ಏಳು ವಿದ್ಯಾಸಂಸ್ಥೆಗಳು ಕೂಡಿ ಇಂಥದೊಂದನ್ನು ಕಟ್ಟಿದವು. ಆಟದಲ್ಲಿ ಕೂಲಿಯ ಆಟಗಾರರು ನುಸುಳಬಾರದು, ಓದದವನು ವಿದ್ಯಾರ್ಥಿಯ ಹೆಸರಿನಲ್ಲಿ ಆಡಬಾರದು, ಆಟದ ಕಡಿವಾಣವು ಅಧ್ಯಾಪಕರ ಕೈಯಲ್ಲಿರಬೇಕು, ಇದು ಅವರ ಉದ್ದೇಶ. ಮುಂದೆ ಆ ಬಳಗಕ್ಕೆ 'ದೊಡ್ಡ ಹತ್ತು' ಎಂದು ಹೆಸರು ಬಂದಿತು. ೧೯೧೫ರಲ್ಲಿ ಪಶ್ಚಿಮ ಸಮುದ್ರದ ಕರಾವಳಿಯ ನಾಲ್ಕು ಸಂಸ್ಥೆಗಳು ಕೂಡಿ ಇನ್ನೊಂದನ್ನು ಕಟ್ಟಿದವು. ಅದು ಬೆಳೆದು ಹನ್ನೆರಡು ಸಂಸ್ಥೆಗಳ ಬಳಗವಾಯಿತು. ಇವೆಲ್ಲವೂ ನೆರೆಹೊರೆಯ ಬಳಗಗಳೇ. ರೈಲಿನಲ್ಲಿ ಹೋಗಿ ಆಡಿ ಬರುವ ದೂರವೇ ಅವುಗಳ ಎಲ್ಲೆ.

ಆಮೇಲೆ ದೂರದರ್ಶನ ಬಂದಿತು, ಅದರ ಹಿಂದೆ ಹಣ ಬಂದಿತು. ೨೦೨೨ರ ಆಗಸ್ಟಿನಲ್ಲಿ 'ದೊಡ್ಡ ಹತ್ತು' ಬಳಗವು ದೂರದರ್ಶನದ ಸಂಸ್ಥೆಗಳೊಡನೆ ಮಾಡಿಕೊಂಡ ಏಳು ವರ್ಷದ ಕರಾರಿನ ಮೊತ್ತ ೭೦೦ ಕೋಟಿ ಡಾಲರಿಗೂ ಮೇಲೆಂದು ವರದಿಯಾಯಿತು. ಅದಕ್ಕೆ ಎರಡು ತಿಂಗಳ ಮೊದಲೇ ಲಾಸ್ ಏಂಜಲಿಸ್ ನಗರದ ಎರಡು ದೊಡ್ಡ ವಿಶ್ವವಿದ್ಯಾನಿಲಯಗಳು ತಮ್ಮ ಕರಾವಳಿಯ ಬಳಗವನ್ನು ಬಿಟ್ಟು ಈ ಬಳಗಕ್ಕೆ ಹೋಗುವುದಾಗಿ ಸಾರಿದ್ದವು. ಮರುವರ್ಷ ಇನ್ನೂ ಎಂಟು ಸಂಸ್ಥೆಗಳು ಬೇರೆ ಬೇರೆ ಕಡೆಗೆ ಹೊರಟು ನಿಂತವು. ಪೆಸಿಫಿಕ್ ಸಮುದ್ರದ ದಡದಲ್ಲಿರುವ ಸ್ಟಾನ್‌ಫರ್ಡ್ ಮತ್ತು ಬರ್ಕ್ಲಿ ಸೇರಿದುದು ಅಟ್ಲಾಂಟಿಕ್ ಕರಾವಳಿಯ ಬಳಗವೆಂಬ ಹೆಸರಿನದಕ್ಕೆ! 'ದೊಡ್ಡ ಹತ್ತ'ರಲ್ಲಿ ಈಗ ಹದಿನೆಂಟು ಮಂದಿ. ಲೆಕ್ಕವೂ ಭೂಗೋಳವೂ ವಿಶ್ವವಿದ್ಯಾನಿಲಯಗಳಲ್ಲಿಯೇ ಹೀಗಾದರೆ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರು ಏನು ಮಾಡಬೇಕೋ ತಿಳಿಯದು. ಲಾಸ್ ಏಂಜಲಿಸಿನಿಂದ ಈ ಬಳಗದ ಪೂರ್ವದ ತುದಿಯ ನ್ಯೂಜರ್ಸಿಗೆ ಸುಮಾರು ೪,೦೦೦ ಕಿಲೋಮೀಟರು. ಭಾರತದ ತಲೆಯಿಂದ ಕಾಲಿನವರೆಗೆ ಅಳೆದರೂ ೩,೨೦೦ನ್ನು ಹೆಚ್ಚು ಮೀರದು. ದೂರದರ್ಶನದವರಿಗೆ ಬೇಕಾದುದು ಅವರ ಫುಟ್‌ಬಾಲ್ ಒಂದೇ. ಅದು ವಾರಕ್ಕೊಂದು ಪಂದ್ಯ. ಆದರೆ ಬಳಗ ಬದಲಾದಾಗ ವಾಲಿಬಾಲ್ ಆಡುವ ಹೆಣ್ಣುಮಕ್ಕಳೂ ಅದೇ ದೂರವನ್ನು ಹಾರಬೇಕಾಯಿತು. ಕ್ಯಾಲಿಫೋರ್ನಿಯದ ವಿಶ್ವವಿದ್ಯಾನಿಲಯಗಳ ಆಡಳಿತ ಮಂಡಲಿಯವರು ೨೦೨೨ರ ಡಿಸೆಂಬರಿನಲ್ಲಿ ಲಾಸ್ ಏಂಜಲಿಸಿನ ತಮ್ಮ ಶಾಖೆಗೆ ಒಪ್ಪಿಗೆ ಕೊಡುವಾಗ, ಆಟಗಾರರ ಆಹಾರಕ್ಕೂ ಪಾಠದ ನೆರವಿಗೂ ಹೆಚ್ಚಿನ ಹಣ ತೆಗೆದಿಡಬೇಕೆಂದು ಕಟ್ಟುಮಾಡಿದರು. ಹಿಂದುಳಿದು ನಷ್ಟಪಟ್ಟ ಬರ್ಕ್ಲಿಯ ಶಾಖೆಗೆ ವರ್ಷಕ್ಕೆ ಒಂದು ಕೋಟಿ ಡಾಲರನ್ನು ಕೊಡಬೇಕೆಂದು ೨೦೨೪ರಲ್ಲಿ ನಿರ್ಣಯಿಸಿದರು. ಬಿಟ್ಟುಹೋದ ಮಗನಿಂದ ಮನೆಯಲ್ಲಿ ಉಳಿದವನಿಗೆ ಜೀವನಾಂಶವನ್ನು ಕೊಡಿಸಿದಂತಾಯಿತು.

೨೦೨೪ರ ಆಗಸ್ಟಿನ ವೇಳೆಗೆ ಆ ಹನ್ನೆರಡರ ಬಳಗದಲ್ಲಿ ಉಳಿದವು ಎರಡೇ, ಒರೆಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್. ಎರಡೂ ದೊಡ್ಡ ನಗರದಲ್ಲಿಲ್ಲ. ಎರಡೂ ಕೃಷಿವಿದ್ಯೆಯನ್ನು ಕಲಿಸುವುದಕ್ಕಾಗಿ ಹುಟ್ಟಿ ಬೆಳೆದವು. ಅವು ಕೆಟ್ಟದಾಗಿ ಆಡಿದುದರಿಂದ ಉಳಿದುವಲ್ಲ. ಅವುಗಳ ಊರಿನಲ್ಲಿ ಪಂದ್ಯ ನೋಡುವ ಮನೆಗಳ ಸಂಖ್ಯೆ ಕಡಿಮೆ, ಅಷ್ಟೆ. ಸಣ್ಣ ಊರಿನ ಕಾಲೇಜಿನವರಾದ ನಾವು ಈ ಮಾತನ್ನು ಎರಡು ಸಲ ಓದಬೇಕು. ಆರಿಸಿಕೊಳ್ಳುವ ಸ್ವಾತಂತ್ರ್ಯವು ಎಲ್ಲರಿಗೂ ಸಮವಾಗಿ ಸಿಕ್ಕಿತೆಂದು ಕಾಗದದಲ್ಲಿ ಬರೆದಿರಬಹುದು. ಆರಿಸಿಕೊಳ್ಳುವವರು ದೊಡ್ಡವರು, ಕಾದು ಕುಳಿತಿರುವವರು ಚಿಕ್ಕವರು.

ಅದೇ ದೇಶದಲ್ಲಿ ಬೇರೆ ದಾರಿ ಹಿಡಿದವರೂ ಉಂಟು. ಷಿಕಾಗೋ ವಿಶ್ವವಿದ್ಯಾನಿಲಯವು ೧೮೯೬ರ ಆ ಏಳರಲ್ಲಿ ಒಂದು. ಅದರ ಫುಟ್‌ಬಾಲ್ ಗುರುಗಳಾದ ಸ್ಟ್ಯಾಗ್ ಎಂಬವರು ೧೮೯೨ರಿಂದ ೧೯೩೨ರವರೆಗೆ ನಾಲ್ವತ್ತು ವರ್ಷ ಕಲಿಸಿದವರು. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪಾರಿತೋಷಕವು ೧೯೩೫ರಲ್ಲಿ ಮೊತ್ತಮೊದಲು ಸಂದುದು ಅಲ್ಲಿನ ವಿದ್ಯಾರ್ಥಿಗೆ. ಅಂಥ ಸಂಸ್ಥೆಯು ಅಧ್ಯಕ್ಷರಾದ ಹಚಿನ್ಸ್ ಅವರ ಕಾಲದಲ್ಲಿ, ೧೯೩೯ರಲ್ಲಿ, ಫುಟ್‌ಬಾಲನ್ನೇ ನಿಲ್ಲಿಸಿತು. ೧೯೪೬ರಲ್ಲಿ ಬಳಗವನ್ನೂ ಬಿಟ್ಟಿತು. ಪ್ರೇಕ್ಷಕರಿಲ್ಲದೆ ಖಾಲಿಬಿದ್ದ ಆ ಕ್ರೀಡಾಂಗಣದ ಮೆಟ್ಟಲುಗಳ ಕೆಳಗೇ ೧೯೪೨ರ ಡಿಸೆಂಬರ್ ೨ರಂದು ಮಾನವನು ಮೊತ್ತಮೊದಲು ಪರಮಾಣುವಿನ ಸರಪಳಿ ಕ್ರಿಯೆಯನ್ನು ನಡೆಸಿದುದು ಲೋಕವಿಖ್ಯಾತ. ಆಟವನ್ನು ನಿಲ್ಲಿಸಿದರೆ ವಿಜ್ಞಾನ ಬೆಳೆಯುವುದೆಂದು ಇದರಿಂದ ಯಾರೂ ಸಾಧಿಸಬಾರದು. ನಮ್ಮ ಕಾಲೇಜುಗಳಲ್ಲಿ ಎಷ್ಟೋ ಮೈದಾನಗಳು ಖಾಲಿಬಿದ್ದಿವೆ, ಅವುಗಳಲ್ಲಿ ಹುಲ್ಲಲ್ಲದೆ ಬೇರೇನೂ ಬೆಳೆದುದನ್ನು ಕಾಣೆವು. ಷಿಕಾಗೋದವರೂ ೧೯೬೯ರಲ್ಲಿ ಫುಟ್‌ಬಾಲನ್ನು ಮತ್ತೆ ತೊಡಗಿದರು; ಆದರೆ ಹಣದ ಆಟವಾಗಿ ಅಲ್ಲ, ವಿದ್ಯಾರ್ಥಿಗಳ ಆಟವಾಗಿ.

ಇನ್ನು ಮಲೆನಾಡಿಗೆ ಮರಳೋಣ. ನಮ್ಮಲ್ಲಿ ದೂರದರ್ಶನದ ಕರಾರಿಲ್ಲ. ಕಾಲೇಜಿನ ಕ್ರೀಡಾಶುಲ್ಕ, ಹುಡುಗರ ಬಸ್ಸಿನ ಚಾರ್ಜು, ಮಧ್ಯಾಹ್ನದ ಊಟ, ಇವೇ ನಮ್ಮ ಲೆಕ್ಕದ ಬಾಬುಗಳು. ಆದರೂ ಪ್ರಶ್ನೆ ಅದೇ. ಇಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಸಾಲದು, ಋತುವಿನಲ್ಲಿಯೂ ಅಳೆಯಬೇಕು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ ೭,೦೦೦ ಮಿಲಿಮೀಟರಿಗೂ ಮಿಕ್ಕದ್ದು. ಹೊಸನಗರ ತಾಲ್ಲೂಕಿನ ಹುಲಿಕಲ್ಲು ಅದರೊಡನೆ ಸ್ಪರ್ಧಿಸುವಂಥದು. ಮಳೆಗೆ ಪಾರಿತೋಷಕವಿದ್ದರೆ ಅದು ಈ ಎರಡು ಊರುಗಳನ್ನು ಬಿಟ್ಟು ಹೋಗುತ್ತಿರಲಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿನ ಮೈದಾನ ಕೆಸರುಗದ್ದೆ. ಬಯಲುಸೀಮೆಯ ಹುಡುಗರು ಓಡಿ ಅಭ್ಯಾಸ ಮಾಡುತ್ತಿರುವ ತಿಂಗಳುಗಳಲ್ಲಿ ನಮ್ಮ ಹುಡುಗರು ಕಾಲೇಜಿನ ಜಗಲಿಯಲ್ಲಿ ನಿಂತು ಆಕಾಶ ನೋಡುವರು. ಆ ಮೇಲೆ ಪಂದ್ಯದ ಓಲೆ ಬರುವುದು, ತಂಡ ಹೊರಡುವುದು, ಮೊದಲನೆಯ ಸುತ್ತಿನಲ್ಲಿಯೇ ಸೋತು ಸಂಜೆಯ ಬಸ್ಸಿಗೆ ಮರಳುವುದು. ಒಂದು ವರ್ಷದ ಕ್ರೀಡಾಜೀವನ ಅಲ್ಲಿಗೆ ಮುಗಿಯಿತು. ಸೋತರೆ ಹೊರಕ್ಕೆಂಬ ಈ ಪದ್ಧತಿಯಲ್ಲಿ, ಯಾರಿಗೆ ಹೆಚ್ಚು ಆಟ ಬೇಕೋ ಅವರಿಗೇ ಕಡಿಮೆ ಆಟ ಸಿಕ್ಕುತ್ತದೆ.

ಶರಾವತಿಯ ಹಿನ್ನೀರಿನ ಆಚೆಗಿನ ತುಮರಿಯ ಕಡೆಯ ವಿದ್ಯಾರ್ಥಿಗಳನ್ನು ಇಲ್ಲಿ ಸ್ಮರಿಸಬೇಕು. ೧೯೬೪ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದು ನೀರು ನಿಂತಮೇಲೆ ಆ ಕಡೆಯವರಿಗೆ ಸಾಗರಕ್ಕೆ ಬರಲು ಲಾಂಚೇ ಗತಿಯಾಗಿದ್ದಿತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಆ ರಾತ್ರಿ ಮನೆಯಿಲ್ಲ. ಸಾಯಂಕಾಲ ನಾಲ್ಕಕ್ಕೆ ಆಟ ಕಲಿಸುವ ಕಾಲೇಜಿನಲ್ಲಿ ಅಂಥ ಹುಡುಗನು ಎಷ್ಟು ದಿನ ನಿಲ್ಲಬಲ್ಲನು? ೨೦೨೫ರ ಜುಲೈಯಲ್ಲಿ ಅಂಬಾರಗೊಡ್ಲು ಕಳಸವಳ್ಳಿಗಳ ನಡುವಣ ಸೇತುವೆ ತೆರೆಯಿತು. ದೇವಸ್ಥಾನಕ್ಕೆ ಹೋಗುವ ಯಾತ್ರಿಕರ ಸೌಕರ್ಯವನ್ನು ಎಲ್ಲರೂ ಬಣ್ಣಿಸಿದರು. ಆಟದ ಮೈದಾನಕ್ಕೂ ಆ ಸೇತುವೆಗೂ ಇರುವ ಸಂಬಂಧವನ್ನು ಹೆಚ್ಚು ಮಂದಿ ಎಣಿಸಿದಂತೆ ತೋರಲಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತು ಇನ್ನೂ ಗಟ್ಟಿಯಾಗುತ್ತದೆ. ಸಾಗರದಲ್ಲಿ ಹೆಣ್ಣುಮಕ್ಕಳಿಗೆಂದೇ ಸರ್ಕಾರದ ಪ್ರಥಮ ದರ್ಜೆ ಕಾಲೇಜಿದೆ. ಹೊಸನಗರದ ಕೊಡಚಾದ್ರಿ ಕಾಲೇಜಿನಲ್ಲಿಯೂ ತೀರ್ಥಹಳ್ಳಿಯಲ್ಲಿಯೂ ಓದುವ ಹುಡುಗಿಯರು ಕಡಿಮೆಯಲ್ಲ. ಇವರಲ್ಲಿ ಅನೇಕರು ಬಸ್ಸಿನ ರಸ್ತೆಯಿಂದ ಒಳಗೆ ನಡೆದು ಹೋಗಬೇಕಾದ ಒಂಟಿಮನೆಗಳವರು. ಕತ್ತಲಾಗುವುದರೊಳಗೆ ಮಗಳು ಮನೆ ಸೇರುವಳೆಂದರೆ ತಂದೆ ತಾಯಿಗಳು ಆಟಕ್ಕೆ ಅಡ್ಡಿಮಾಡರು. ಎರಡು ರಾತ್ರಿ ಪರಊರಿನಲ್ಲಿ, ಅದೂ ಯಾವುದೋ ಶಾಲೆಯ ಕೊಠಡಿಯಲ್ಲಿ ಜಮಖಾನ ಹಾಸಿ ಮಲಗಬೇಕೆಂದರೆ, ಖೋ ಖೋ ಸಾಕು, ಓದಿಕೋ ಎನ್ನುವರು. ಅವರನ್ನು ಹಳೆಯ ಕಾಲದವರೆಂದು ದೂರುವುದು ಸುಲಭ. ಪಂದ್ಯವನ್ನು ಹತ್ತಿರಕ್ಕೆ ತಂದು ನೋಡಿದವರು ಮಾತ್ರ ಹಾಗೆ ದೂರಲು ಅಧಿಕಾರಿಗಳು.

ಇದಕ್ಕೆ ಆಕ್ಷೇಪವುಂಟು, ಅದು ದುರ್ಬಲವಾದುದಲ್ಲ. ಹತ್ತಿರದವರೊಡನೆಯೇ ಆಡುತ್ತಿದ್ದರೆ ಹತ್ತಿರದವರಷ್ಟೇ ಆಗುವೆವು. ಬಲವುಳ್ಳವರೊಡನೆ ಸೆಣಸಿದರಲ್ಲವೆ ಬಲ ಬರುವುದು, ಎನ್ನುವರು. ಮೂಡಬಿದಿರೆಯ ಆಳ್ವಾಸ್ ಸಂಸ್ಥೆಯ ಕಡೆಗೆ ಬೆರಳು ತೋರುವರು. ಆ ಸಂಸ್ಥೆಯವರು ಒಳ್ಳೆಯ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಊಟ ವಸತಿ ವಿದ್ಯೆಗಳನ್ನು ಉಚಿತವಾಗಿ ಕೊಡುವರು. ಅವರ ಬಲದಿಂದ ಮಂಗಳೂರು ವಿಶ್ವವಿದ್ಯಾನಿಲಯವು ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ಸ್ ಪಂದ್ಯಗಳಲ್ಲಿ ಹಲವು ಸಲ ಪ್ರಥಮ ಸ್ಥಾನವನ್ನು ಪಡೆದಿದೆ. ನಮ್ಮ ಘಟ್ಟದ ಮೇಲಿನ ಹುಡುಗಿಯೊಬ್ಬಳು ನಿಜವಾಗಿಯೂ ಓಟದಲ್ಲಿ ಪ್ರತಿಭೆಯುಳ್ಳವಳಾದರೆ ಘಟ್ಟ ಇಳಿದು ಅಲ್ಲಿಗೆ ಹೋಗುವುದೇ ಅವಳಿಗೆ ಶ್ರೇಯಸ್ಸೆಂದು ನಾವೂ ಒಪ್ಪುತ್ತೇವೆ. ಕಾಲೇಜು ಬಳಗವನ್ನು ಬದಲಾಯಿಸದಿದ್ದರೆ ಆಟಗಾರನೇ ಬದಲಾಯಿಸುವನು; ಇದನ್ನು ತಡೆಯಲಾಗದು, ತಡೆಯಲೂಬಾರದು. ಆದರೆ ಹಾಗೆ ಹೋಗುವವರು ನೂರಕ್ಕೆ ಒಬ್ಬರೋ ಇಬ್ಬರೋ. ಉಳಿದ ತೊಂಬತ್ತೆಂಟು ಮಂದಿಯ ಆರೋಗ್ಯಕ್ಕೂ ಸಂತೋಷಕ್ಕೂ ಏರ್ಪಾಡು ಮಾಡುವುದು ಯಾರ ಕೆಲಸ? ಆ ಒಬ್ಬಿಬ್ಬರು ಓಡಬಲ್ಲರೆಂಬುದಾದರೂ ಗೊತ್ತಾಗುವುದು, ತೊಂಬತ್ತೆಂಟು ಮಂದಿ ಅವರೊಡನೆ ಓಡಿದಾಗಲಲ್ಲವೆ?

ಗೆರೆ ಬದಲಾದರೆ ಆಟವೂ ವಲಸೆ ಹೋಗುವುದೆಂಬುದಕ್ಕೆ ಕೊಡಗು ಹೊಸ ಉದಾಹರಣೆ. ಅಲ್ಲಿನ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾನಿಲಯದವಾಗಿದ್ದವು. ೨೦೨೩ರಲ್ಲಿ ಕೊಡಗು ವಿಶ್ವವಿದ್ಯಾನಿಲಯ ಪ್ರಾರಂಭವಾಯಿತು. ಹಾಕಿಯನ್ನು ಕುಲಾಚಾರದಂತೆ ಆಡುವ ನಾಡು ಅದು. ಕಾಲೇಜುಗಳು ಆಚೆಗೆ ಹೋದರೆ ಹಾಕಿಯ ಕೋಲುಗಳೂ ಆಚೆಗೆ ಹೋಗುವುವು. ಎರಡು ವರ್ಷ ಕಳೆಯುವುದರೊಳಗೆ, ೨೦೨೫ರಲ್ಲಿ, ಹೊಸದಾಗಿ ಹುಟ್ಟಿದ ವಿಶ್ವವಿದ್ಯಾನಿಲಯಗಳಲ್ಲಿ ಒಂಬತ್ತನ್ನು ಮುಚ್ಚಬೇಕೆಂದು ಸಚಿವ ಸಂಪುಟದ ಉಪಸಮಿತಿಯು ಸಲಹೆಮಾಡಿತು. ಹಣವಿಲ್ಲ, ಕಟ್ಟಡವಿಲ್ಲ, ಅಧ್ಯಾಪಕರಿಲ್ಲ ಎಂಬ ಕಾರಣಗಳು ಪತ್ರಿಕೆಗಳಲ್ಲಿ ಚರ್ಚೆಯಾದವು. ಆಟಗಾರರು ಈಗ ಯಾರ ಅಂಗಿ ತೊಡಬೇಕು ಎಂಬುದು ಆ ಚರ್ಚೆಯಲ್ಲಿ ನಮ್ಮ ಕಿವಿಗೆ ಬೀಳಲಿಲ್ಲ.

ಹಾಗಾದರೆ ಸಾಗರ, ಹೊಸನಗರ, ತೀರ್ಥಹಳ್ಳಿಗಳು ಮತ್ತೊಮ್ಮೆ ಬಳಗವನ್ನು ಬದಲಾಯಿಸಬೇಕೆ? ಸಾಗರ ಧಾರವಾಡದ ಕಡೆಗೆ, ತೀರ್ಥಹಳ್ಳಿ ಮಂಗಳೂರಿನ ಕಡೆಗೆ ಹೋಗಬೇಕೆ? ನಮ್ಮ ಅಭಿಪ್ರಾಯದಲ್ಲಿ ಕೂಡದು. ೧೯೮೭ರ ಬದಲಾವಣೆ ಒಳ್ಳೆಯದಾದುದು ಹೊಸ ಹೆಸರಿನಿಂದಲ್ಲ, ದಾರಿ ಮೊಟಕಾದುದರಿಂದ. ಸಿದ್ದಾಪುರ ಹತ್ತಿರವೆಂದು ಸಾಗರವು ಹೋದರೆ ಪಂದ್ಯ ನಡೆಯುವುದು ಸಿದ್ದಾಪುರದಲ್ಲಿಯೇ ಎಂಬ ಭರವಸೆಯಿಲ್ಲ. ಧಾರವಾಡಕ್ಕೂ ಗದಗಕ್ಕೂ ಓಡಬೇಕಾದೀತು. ಗೆರೆಯನ್ನು ಅಳಿಸಿ ಬೇರೆಡೆ ಎಳೆದರೆ ಇನ್ನೊಬ್ಬರು ಮೂಲೆಯವರಾಗುವರು. ವಿಶ್ವವಿದ್ಯಾನಿಲಯದ ತಂಡಕ್ಕೆ ಆಟಗಾರರನ್ನು ಆರಿಸುವ ಪಂದ್ಯಗಳು ಈಗಿರುವಂತೆಯೇ ಇರಲಿ. ಅದು ಏಣಿ, ಏಣಿಯನ್ನು ಜಗ್ಗಬಾರದು.

ಆದರೆ ಏಣಿ ಒಂದೇ ಸಾಲದು, ಅದಕ್ಕೆ ಕೆಳಗೆ ಅಂಗಳ ಬೇಕು. ವಿಶ್ವವಿದ್ಯಾನಿಲಯದ ಆಯ್ಕೆಗೆ ಸಂಬಂಧಪಡದ, ಗೆದ್ದವನಿಗೂ ಸೋತವನಿಗೂ ಸಮನಾದ ಸಂಖ್ಯೆಯ ಪಂದ್ಯಗಳನ್ನು ಕೊಡುವ ನೆರೆಹೊರೆಯ ಬಳಗವೊಂದನ್ನು ಈ ಮೂರು ತಾಲ್ಲೂಕಿನ ಕಾಲೇಜುಗಳು ತಾವೇ ಕಟ್ಟಿಕೊಳ್ಳಬಹುದು. ಅದಕ್ಕೆ ಕಾಯಿದೆಯ ತಿದ್ದುಪಾಟು ಬೇಡ, ಶಂಕರಘಟ್ಟದ ಸಮ್ಮತಿಯಿದ್ದರೆ ಸಾಕು. ಇರುವಕ್ಕಿಯ ಕೃಷಿ ವಿದ್ಯಾರ್ಥಿಗಳನ್ನು ಅದಕ್ಕೆ ಕರೆಯಬಹುದು. ಗೆರೆಯ ಆಚೆಯ ಸಿದ್ದಾಪುರದವರನ್ನು ಕರೆಯಬಹುದು. ಈಚೆಗೆ ಕೊಪ್ಪ, ಶೃಂಗೇರಿಯವರು ತೀರ್ಥಹಳ್ಳಿಗೆ ಸಮೀಪವೇ. ಪರೀಕ್ಷೆ ಯಾರದೆಂದು ಕೇಳದೆ, ಸಂಜೆಯೊಳಗೆ ಮನೆ ಸೇರಬಲ್ಲೆಯಾ ಎಂದಷ್ಟೇ ಕೇಳುವ ಬಳಗ ಅದು. ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಮ್ ಸಂಸ್ಥೆಯವರು ನಾಟಕವನ್ನು ನೋಡಲು ಜನ ಹೆಗ್ಗೋಡಿಗೇ ಬರಲಿ ಎಂದು ಕುಳಿತುಕೊಳ್ಳಲಿಲ್ಲ. ತಿರುಗಾಟವೆಂದು ಹೆಸರಿಟ್ಟು ನಾಟಕವನ್ನೇ ಊರೂರಿಗೆ ಒಯ್ದರು. ಪಂದ್ಯವೂ ಹಾಗೆ ಒಂದು ವಾರ ಒಂದು ಊರಿನಲ್ಲಿ, ಮರುವಾರ ಇನ್ನೊಂದರಲ್ಲಿ ತಿರುಗಬಹುದು.

ದುಡ್ಡಿನ ಮಾತು ಬಂದೇ ಬರುವುದು. ಪ್ರತಿ ಕಾಲೇಜಿನಲ್ಲಿಯೂ ದೈಹಿಕ ಶಿಕ್ಷಣದ ನಿರ್ದೇಶಕರೊಬ್ಬರು ಇರಬೇಕಾದುದು. ಎಲ್ಲಿ ಇಲ್ಲವೋ ಅಲ್ಲಿ ಮೊದಲು ಆ ಸ್ಥಾನವನ್ನು ತುಂಬಲಿ. ಒಂದು ಬಸ್ಸಿನ ಬಾಡಿಗೆಯೂ ಮೂವತ್ತು ಎಲೆಯ ಊಟವೂ ಸೊಸೈಟಿಯವರಿಗೂ ಅಡಕೆ ಮಂಡಿಯವರಿಗೂ ಭಾರವಾಗಲಾರದು. ತೇರಿಗೆ, ಯಕ್ಷಗಾನದ ಮೇಳಕ್ಕೆ ಕೊಡುವ ಕೈಗಳೇ ಅವು. ಕಾಲವು ಡಿಸೆಂಬರಿನಿಂದ ಫೆಬ್ರವರಿಯವರೆಗೆ ಇರಲಿ. ಆಗ ನೆಲ ಒಣಗಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ. ಅದು ಅಡಕೆ ಕೊಯ್ಲಿನ ಕಾಲವಾದುದರಿಂದ ಮನೆಯ ಕೆಲಸಕ್ಕೆ ಹುಡುಗರು ಬೇಕೆಂಬ ತೊಡಕು ಉಂಟು. ಶನಿವಾರದ ಮಧ್ಯಾಹ್ನಗಳನ್ನಷ್ಟೇ ಇಟ್ಟುಕೊಂಡರೆ ತೋಟದವರೂ ಒಪ್ಪಿಯಾರು.

ಮೊದಲ ವರ್ಷಕ್ಕೆ ಕಬಡ್ಡಿ, ಖೋ ಖೋ, ವಾಲಿಬಾಲ್ ಈ ಮೂರು ಸಾಕು, ಹುಡುಗರಿಗೂ ಹುಡುಗಿಯರಿಗೂ. ಮೊದಲ ಪಂದ್ಯವು ಹೊಸನಗರದಲ್ಲಿ ಆಗಲಿ ಎಂದು ನಮ್ಮ ಆಶೆ. ಮೂರರಲ್ಲಿ ಅದು ಚಿಕ್ಕ ಊರು. ದೊಡ್ಡ ಪಂದ್ಯಗಳನ್ನು ನಡೆಸುವವರ ಕಣ್ಣಿಗೆ ಸುಲಭವಾಗಿ ಬೀಳದ ಊರು. ಆದರೆ ಭೂಪಟವನ್ನು ಬಿಡಿಸಿ ನೋಡಿದರೆ ಬಡಗಲ ಸಾಗರಕ್ಕೂ ತೆಂಕಲ ತೀರ್ಥಹಳ್ಳಿಗೂ ನಡುವೆ ಅದು ಕುಳಿತಿದೆ. ಎರಡು ಕಡೆಯಿಂದಲೂ ಹೆಚ್ಚು ಕಡಿಮೆ ೪೦ ಕಿಲೋಮೀಟರು. ಬೆಳಗಿನ ತಿಂಡಿ ಮುಗಿಸಿ ಹೊರಟವರು ಹತ್ತು ಗಂಟೆಗೆ ಅಂಗಣದಲ್ಲಿರುವರು. ಮೂರಕ್ಕೆ ಆಟ ಮುಗಿದರೆ ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಅವರವರ ಮನೆಯಲ್ಲಿರುವರು.